ಬೆನ್ನು ತಿರುಗಿಸಿದವನ ಪಾಲು

ಒಂದು ಟಗರಿಗೆ ದೇವರು ಒಂದೇ ಒಂದು ಕಲೇಜಿ, ಅಂದರೆ ಈಲಿ, ಇಟ್ಟದ್ದೇ ಈ ಎಲ್ಲ ರಗಳೆಗೆ ಮೂಲ. ಕಣ್ಣು ಎರಡು, ಕೋಡು ಎರಡು, ಕಾಲು ನಾಲ್ಕು ಎಂದು ಧಾರಾಳವಾಗಿ ಹಂಚುತ್ತ ಬಂದವನು ಕಲೇಜಿಯ ಹತ್ತಿರ ಬಂದ ಕೂಡಲೇ ಕೈ ಬಿಗಿಹಿಡಿದ. ಹಿಡಿಯದಿದ್ದರೆ ಆ ಭಾನುವಾರ ವಿಜಾಪುರ ಪಟ್ಟಣದಾಚೆಯ ಭೂತನಾಳ ಕೆರೆಯ ದಂಡೆಯಲ್ಲಿ ಎಲ್ಲರೂ ಉಂಡು, ತೇಗಿ, ಅಡ್ಡಾಗುತ್ತಿದ್ದರು.

ಎಪ್ಪತ್ತಾರನೆಯ ಇಸವಿ. ಸಮಾನತೆಯ ಘೋಷಣೆ ಬರೆಯದೆ ಬಿಟ್ಟ ಗೋಡೆ ವಿಜಾಪುರದಲ್ಲಿ ಒಂದೂ ಉಳಿದಿರಲಿಲ್ಲ. ಗೋಡೆ ಮುಗಿದ ಮೇಲೆ ಮಲಗಿದ್ದ ಎಮ್ಮೆಗಳ ಮೈಮೇಲೂ ಬರೆದು ಹೋಗಿದ್ದರು. ಇನ್ನು ಟಗರೋ, ಅಂಥಿಂಥ ಟಗರಲ್ಲ. ಅಮಸಿದ್ದ ಅದನ್ನು ಬಬಲೇಶ್ವರದಿಂದ ನಡೆಸಿಕೊಂಡು ಬರುವಾಗ ಎದುರಾದ ಎರಡು ಬಸ್ಸುಗಳು ಬದಿಗೆ ಸರಿದು ದಾರಿ ಬಿಟ್ಟಿದ್ದವು. ಕೆರೆಯ ದಂಡೆಯ ಆರು ಮನೆಯವರು ಸರಿಸಮ ರೊಕ್ಕ ಹಾಕಿ ತರಿಸಿದ್ದರು. ಜೋರಾಪುರ ಪೇಟೆಯ ಕಾಸಿಮಸಾಬ ಸೈಕಲ್ ಮೇಲೆ ಬಂದು, ಹೊತ್ತೇರುವುದರೊಳಗೆ ಕೊಯ್ದು, ಸುಲಿದು, ತುಂಡು ಮಾಡಿ ಬೇವಿನ ಮರದ ಕೆಳಗೆ ರಾಶಿ ಹಾಕಿದ. ಪಾಲು ಮಾಡುವುದೊಂದೇ ಬಾಕಿ.

ಆ ಕೆಲಸಕ್ಕೆ ಆರು ಮನೆಯವರಲ್ಲೇ ಒಬ್ಬನಾದ ಸಿದ್ದರಾಯನನ್ನು ಕೂರಿಸಿದರು. ಅವನು ಪಟ್ಟಣದ ಒಂದು ಕಾಲೇಜಿನಲ್ಲಿ ಸಿಪಾಯಿ. ಒಂಬತ್ತು ವರ್ಷದಿಂದ ರಾಜ್ಯಶಾಸ್ತ್ರದ ಪ್ರೊಫೆಸರರ ಕ್ಲಾಸಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತವನು. ಒಳಗಿನ ಹುಡುಗರು ಒಂಬತ್ತು ವರ್ಷವೂ ನಿದ್ದೆ ಮಾಡಿದರು. ಹೊರಗೆ ಇವನೊಬ್ಬನೇ ಎಚ್ಚರಿದ್ದ. ನ್ಯಾಯ, ಸಮಾನತೆ, ಹಂಚಿಕೆ ಎಲ್ಲ ಬಾಯಿಪಾಠ. ಪ್ರೊಫೆಸರರು ಮರೆತು ತಡವರಿಸಿದಾಗ ಬಾಗಿಲ ಸಂದಿಯಿಂದ ಪಿಸುಗುಟ್ಟಿ ನೆನಪಿಸಿದ್ದೂ ಉಂಟು.

ಆದರೆ ಅವನ ಮನೆಯೊಳಗಿನ ಹಂಚಿಕೆಯೇ ಬೇರೆ. ಖಂಡ ಬೇಯಿಸಿದ ದಿನ ತುಂಡೆಲ್ಲ ಅವನ ತಾಟಿಗೆ, ರಸ ಹೆಂಡತಿ ತಾಯವ್ವನ ತಾಟಿಗೆ. ಮದುವೆಯಾಗಿ ಎಂಟು ವರ್ಷ ಹಾಗೇ ನಡೆಯಿತು. ಎರಡು ತಿಂಗಳ ಹಿಂದೆ ತಾಯವ್ವ ರಸದ ತಾಟನ್ನು ಅವನ ಮುಂದೆ ಕುಕ್ಕಿ, ಸೀರೆ ಗಂಟುಕಟ್ಟಿ, ತವರೂರಾದ ತಿಕೋಟಾಕ್ಕೆ ನಡೆದುಬಿಟ್ಟಳು. ಅಂದಿನಿಂದ ಸಿದ್ದರಾಯ ತಾನೇ ರೊಟ್ಟಿ ಬಡಿಯುತ್ತಿದ್ದ. ಆ ರೊಟ್ಟಿಯನ್ನು ಚಕ್ಕಡಿಗೆ ಗಾಲಿಯಾಗಿ ಹಾಕಿದ್ದರೆ ಭಾರ ಹೇರಿಕೊಂಡು ಸೊಲ್ಲಾಪುರ ಮುಟ್ಟಬಹುದಿತ್ತು.

ಮೊನ್ನೆ ಮಾವ ಸಂಗಣ್ಣನಿಂದ ಮಾತು ಬಂದಿತ್ತು: "ಐತವಾರ ಮಗಳನ್ನ ಕರಕೊಂಡು ಬರತೇನಿ. ಅಕಿ ತಾಟಿಗೆ ಏನು ಬೀಳತೈತಿ, ಕಣ್ಣಾರೆ ನೋಡತೇನಿ. ಖಂಡ ಬಿತ್ತೋ, ಇರತಾಳ. ಬರೇ ರಸ ಬಿತ್ತೋ, ಸಂಜಿ ಬಸ್ಸಿಗೆ ಇಬ್ಬರೂ ವಾಪಸ್."

ಅಂದರೆ ಸಿದ್ದರಾಯನಿಗೆ ಆ ದಿನ ಒಳ್ಳೆಯ ಪಾಲೇ ಬೇಕಿತ್ತು. ಮಾವನಿಗೆ, ಹೆಂಡತಿಗೆ ಬಡಿಸಿ ತನಗೂ ಉಳಿಯುವಂಥ ಪಾಲು. ಸಂಗಣ್ಣನಿಗೆ ಕಲೇಜಿಯೆಂದರೆ ಪ್ರಾಣ ಎಂಬುದೂ ಅವನಿಗೆ ಗೊತ್ತಿತ್ತು.

ಅವನು ಆರು ಮುತ್ತಲ ಎಲೆ ಹಾಸಿದ್ದೇ ತಡ, ಕಲೇಜಿಯ ಮೇಲೆ ಎಲ್ಲರ ಕಣ್ಣೂ ಬಿತ್ತು.

"ಬಬಲೇಶ್ವರದಿಂದ ನಡೆಸಿಕೊಂಡು ಬಂದಾಂವ ನಾನು," ಎಂದ ಅಮಸಿದ್ದ. "ಚಪ್ಪಲಿ ಹರದು ಅಂಗಾಲು ಹಪ್ಪಳಾಗ್ಯಾವ. ದುಡದಾಂವಗ ಕಲೇಜಿ ಇಲ್ಲಂದ್ರ ಹೆಂಗ?"

"ನೀ ನಡದಿ, ಟಗರೂ ನಡೀತು. ಅದಕೇನು ಕೊಟ್ಟಿ?" ಎಂದಳು ಏಳು ಮಕ್ಕಳ ಭೀಮಾಬಾಯಿ. "ನನ್ನ ಮನ್ಯಾಗ ಒಂಬತ್ತು ಬಾಯಿ ಅದಾವ. ಹೊಟ್ಟಿ ನೋಡಿ ಹಂಚ್ರಿ."

ಹುಚ್ಚವ್ವಜ್ಜಿ ಬೊಚ್ಚು ಬಾಯಿ ತೆರೆದು ಒಬ್ಬೊಬ್ಬರಿಗೂ ತೋರಿಸುತ್ತ ಸುತ್ತು ಹಾಕಿದಳು. "ನೋಡ್ರಿ ಯಪ್ಪಾ, ಒಂದು ಹಲ್ಲಿಲ್ಲ. ಮೆತ್ತಗಿರೂದು ಅದೊಂದ. ಮುದುಕಿ ತೊಡಿ ಎಲುಬು ಕಡೀಲೇನು?"

ಎಲ್ಲರಿಗಿಂತ ಗಟ್ಟಿ ವಾದ ಪೈಲವಾನ ಕರೆಪ್ಪನದು. "ನೀವೆಲ್ಲಾ ತಿಂದ್ರ ಎಷ್ಟು ಸಂತೋಷ ಆಗತೈತೋ, ಅಷ್ಟು ಸಂತೋಷ ನನಗ ಬರೇ ವಾಸನಿಗೇ ಆಗತೈತಿ. ಊರಾಗ ಸಂತೋಷ ಹೆಚ್ಚಾಗಬೇಕು ಅಂದ್ರ ಪೂರಾ ನನಗ ಕೊಡ್ರಿ. ಲೆಕ್ಕ ಸೀದಾ ಐತಿ."

ಸಿದ್ದರಾಯ ಬೆರಗಾದ. ಪ್ರೊಫೆಸರರು ಒಂಬತ್ತು ವರ್ಷ ಸೀಮೆಸುಣ್ಣ ಸವೆಸಿ ಹೇಳಿದ್ದನ್ನೆಲ್ಲ ಇವರು ಒಂದು ಕಲೇಜಿಯ ಮುಂದೆ ಒಂದು ಬೀಡಿ ಸೇದುವಷ್ಟರಲ್ಲಿ ಹೇಳಿ ಮುಗಿಸಿದ್ದರು.

ಆರನೆಯ ಪಾಲುದಾರ ಅಂಬಾದಾಸ. ಪಟ್ಟಣದಲ್ಲಿ ಟಪಾಲಿನವ, ಮನೆಯಲ್ಲಿ ಬುದ್ಧನ ಪಟ. ಅವನು ಕಲೇಜಿಯ ಮಾತೇ ಎತ್ತಲಿಲ್ಲ. ಎಲೆಗಳ ಸಾಲನ್ನೇ ನೋಡುತ್ತಿದ್ದ. ಐದು ಎಲೆ ಒಂದಕ್ಕೊಂದು ತಾಗಿದ್ದವು. ಆರನೆಯದನ್ನು ಯಾರೋ ಒಂದು ಮಾರು ದೂರ ಸರಿಸಿದ್ದರು.

"ಅದ್ಯಾಕ ಅಲ್ಲಿ ಹೋಗೇತ್ರಿ?" ಎಂದ.

"ಗಾಳಿಗೆ ಸರದಿರಬೇಕು ಬಿಡಪಾ," ಎಂದ ಅಮಸಿದ್ದ. ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ.

"ರೊಕ್ಕ ಕೊಟ್ಟಾಗ ನನ್ನ ನೋಟು ಗಾಳಿಗೆ ಸರೀಲಿಲ್ಲಲ್ರಿ. ನಿಮ್ಮ ನೋಟಿನ ಜೋಡೀನ ಮಡಚಿ ಇಟ್ಟಿದ್ರಿ."

ಇದ್ದಕ್ಕಿದ್ದಂತೆ ಎಲ್ಲರಿಗೂ ಕೆರೆಯ ನೀರು ನೋಡುವಂಥದ್ದಾಗಿ ಕಂಡಿತು. ಕಾಸಿಮಸಾಬ ನಕ್ಕು, ಕತ್ತಿಯ ತುದಿಯಿಂದ ಆ ಎಲೆಯನ್ನು ಎಳೆದು ಸಾಲಿನ ನಟ್ಟನಡುವೆ ಇಟ್ಟ. "ಟಗರು ಒಂದ ಐತಿ. ಸಾಲೂ ಒಂದ ಇರಲಿ."

ಆಗ ಸಿದ್ದರಾಯ ಎದ್ದು ನಿಂತ. ಪ್ರೊಫೆಸರರ ಹಾಗೆ ಒಂದು ಕೈ ಬೆನ್ನಿಗಿಟ್ಟುಕೊಂಡ.

"ಕೇಳ್ರಿ. ತನಗ ಯಾವ ಪಾಲು ಬರತೈತಿ ಅಂತ ಗೊತ್ತಿಲ್ಲದಾಂವನ ಖರೇ ನ್ಯಾಯ ಮಾಡತಾನ. ನಮ್ಮ ಹಿರ್ಯಾರು ಮಾಡ್ಯಾರಲ್ಲ, ಒಬ್ಬಾಂವ ಬೆನ್ನು ತಿರುಗಿಸಿ ನಿಲ್ಲೂದು, ಇನ್ನೊಬ್ಬಾಂವ ಪಾಲು ಮುಟ್ಟಿ 'ಇದು ಯಾರದು' ಅನ್ನೂದು, ನಿಂತಾಂವ ಹೆಸರು ಒದರೂದು, ಅದ ನಡೀಲಿ. ಕಲೇಜಿ ತುಂಡು ಮಾಡೂದು ಬ್ಯಾಡ. ಒಂದು ಪಾಲಿನ ತಳಕ್ಕ ಮುಚ್ಚಿಡೂನು. ಕಲೇಜಿ ಒಬ್ಬರಿಗೇ, ಆದ್ರ ಅವಕಾಶ ಎಲ್ಲಾರಿಗೂ ಸಮ."

"ಭಲೇ!" ಎಂದಳು ಹುಚ್ಚವ್ವಜ್ಜಿ. ಅರ್ಥ ಆಗಿರಲಿಲ್ಲ.

ಅರ್ಥ ಆದವನು ಕರೆಪ್ಪ. "ಹಂಗಿದ್ರ ಎಲುಬೂ ಹಂಗ ಆಗಬೇಕು. ಕೊಳ್ಳಿನ ಎಲುಬು, ಮೊಣಕಾಲು, ಬೆನ್ನಿನ ಗಂಟು ಎಲ್ಲಾ ಒಂದ ಪಾಲಿಗೆ ಹಾಕ್ರಿ. ಅದೃಷ್ಟ ಸಮ ಅಂದ ಮ್ಯಾಲೆ ದುರಾದೃಷ್ಟಾನೂ ಸಮ ಇರಬೇಕಲ್ಲ?"

ತಾನೇ ಹೂಡಿದ ವಾದವನ್ನು ತಾನೇ ಬೇಡವೆನ್ನುವುದು ಹೇಗೆ? ಸಿದ್ದರಾಯ ಒಪ್ಪಿದ. ಎಲ್ಲರೂ ಮುಖ ತಿರುಗಿಸಿದರು. ಕಾಸಿಮಸಾಬ ಒಂದರ ತಳಕ್ಕೆ ಕಲೇಜಿ ತುರುಕಿ, ಇನ್ನೊಂದಕ್ಕೆ ಎಲುಬೆಲ್ಲ ಹೇರಿ, ಆರೂ ಪಾಲು ತಕ್ಕಡಿಯಲ್ಲಿ ಸರಿಸಮ ತೂಗಿ, ಮೇಲೆ ಎಲೆ ಮುಚ್ಚಿದ.

ಅವನು ಕೈ ತೊಳೆಯಲು ದಂಡೆಗೆ ಹೋದಾಗ ಚೊಂಬು ಹಿಡಿದುಕೊಂಡು ಸಿದ್ದರಾಯನೂ ಹೋದ.

"ಕಾಸಿಮಣ್ಣಾ, ಕಲೇಜಿ ಪಾಲು ಮುಟ್ಟಿದಾಗ ಒಂದು ಸಣ್ಣ ಕೆಮ್ಮು ಕೆಮ್ಮು. ನನ್ನ ಸಂಸಾರ ಉಳೀತೈತಿ."

ಕಾಸಿಮಸಾಬ ಹುಬ್ಬೇರಿಸಿದ. "ಈಗ ನ್ಯಾಯ ಗೀಯ ಅಂದವ ನೀನ ಹೌದಲ್ಲೋ?"

"ನ್ಯಾಯ ಊರಿಗೆ. ನನಗ ಹೆಂಡ್ತಿ ಬೇಕಾಗ್ಯಾಳ."

"ಎರಡು ಕಟ್ಟು ಬೀಡಿ."

"ಆತು ಮಾರಾಯ."

ಸಿದ್ದರಾಯ ಕೆರೆಗೆ ಮುಖ ಮಾಡಿ, ಎದೆಯುಬ್ಬಿಸಿ ನಿಂತ. ಬೆನ್ನ ಹಿಂದೆ ಉಳಿದ ಐದು ಮನೆಯವರು ಉಸಿರು ಬಿಗಿಹಿಡಿದರು. ಅಷ್ಟು ಜನ ಒಮ್ಮೆಗೇ ಉಸಿರು ಹಿಡಿದದ್ದಕ್ಕೆ ಕೆರೆಯ ತೆರೆ ಸಹ ಹಾಗೇ ನಿಂತಿತು ಎಂದು ಈಗಲೂ ಹೇಳುತ್ತಾರೆ.

"ಇದು ಯಾರದು?" ಎಂದ ಕಾಸಿಮಸಾಬ, ಮೊದಲ ಪಾಲು ಮುಟ್ಟಿ.

ಕೆಮ್ಮಿಲ್ಲ. "ಭೀಮಾಬಾಯಿದು!"

"ಇದು?"

ಕೆಮ್ಮಿಲ್ಲ. "ಅಮಸಿದ್ದಂದು!"

"ಇದು ಯಾರದು?"

ಖೊಕ್! ಖೊಕ್ ಖೊಕ್!

"ನಂದು!" ಎಂದು ಸಿದ್ದರಾಯ ಒದರಿದ ಒದರಾಟಕ್ಕೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು, ಅವು ಕೆಳಗಿಳಿದದ್ದು ಹರದಾರಿಗಟ್ಟಲೆ ದೂರದ ನಿಡೋಣಿಯಲ್ಲಿ. ಅವನ ಕಣ್ಣ ಮುಂದೆ ಕಲೇಜಿ ಎಣ್ಣೆಯಲ್ಲಿ ಚುರ್ರೆನ್ನತೊಡಗಿತು. ಮಾವ ಬೆರಳು ನೆಕ್ಕುತ್ತಿದ್ದಾನೆ, ತಾಯವ್ವ ಸೀರೆ ಗಂಟು ಬಿಚ್ಚುತ್ತಿದ್ದಾಳೆ.

"ಇದು ಯಾರದು?" ಎಂದ ಕಾಸಿಮಸಾಬ, ನಾಲ್ಕನೆಯದನ್ನು ಮುಟ್ಟಿ. ಮರುಕ್ಷಣವೇ ಕೆಮ್ಮತೊಡಗಿದ. ಸಣ್ಣ ಕೆಮ್ಮಲ್ಲ, ಪುಪ್ಪುಸ ಕಿತ್ತು ಕೈಗೆ ಬರುವಂಥ ಕೆಮ್ಮು.

ಸಿದ್ದರಾಯ ತನ್ನ ಹೆಸರನ್ನು ಆಗಲೇ ಖರ್ಚು ಮಾಡಿಕೊಂಡಿದ್ದ. ಎರಡನೇ ಸಲ ನನ್ನದೆಂದರೆ ಊರವರು ಅವನನ್ನೇ ಆರು ಪಾಲು ಮಾಡುತ್ತಿದ್ದರು.

"ಅಂಬಾದಾಸಂದು," ಎಂದ. ದನಿ ಇರುವೆಯದಷ್ಟಾಗಿತ್ತು.

ಉಳಿದೆರಡು ಪಾಲು ಹುಚ್ಚವ್ವಜ್ಜಿಗೂ ಕರೆಪ್ಪನಿಗೂ ಹೋದವು. ಸಿದ್ದರಾಯ ತಿರುಗಿ ನೋಡಿದ. ಮೂರನೆಯ ಪಾಲಿನ ಆಚೆ, ಕಾಸಿಮಸಾಬನ ಹೆಗಲ ಹಿಂದೆಯೇ, ಮಾವ ಸಂಗಣ್ಣ ನಿಂತಿದ್ದ. ಬಸ್ಸಿನ ದಾರಿಯ ಧೂಳೆಲ್ಲ ಅವನ ಮೀಸೆಯಲ್ಲೇ ಇಳಿದಿತ್ತು. ಧೋತರದ ಚುಂಗಿನಿಂದ ಬಾಯೊರೆಸಿಕೊಂಡು ಇನ್ನೊಮ್ಮೆ ಖೊಕ್ ಖೊಕ್ ಎಂದ. ಪಕ್ಕದಲ್ಲಿ ಗಂಟು ಹಿಡಿದ ತಾಯವ್ವ.

ಎಲೆ ಸರಿಸಿದರು. ಅಂಬಾದಾಸನ ಪಾಲಿನಲ್ಲಿ ಕಲೇಜಿ ಮಿಂಚುತ್ತಿತ್ತು. ಸಿದ್ದರಾಯನದರಲ್ಲಿ ಎಲುಬು, ಎಲುಬಿನ ಮೇಲೆ ಎಲುಬು. ಜೋಡಿಸಿ ನಿಲ್ಲಿಸಿದ್ದರೆ ಟಗರು ಎದ್ದು ಬಬಲೇಶ್ವರಕ್ಕೆ ವಾಪಸ್ಸು ಹೋಗುತ್ತಿತ್ತು.

"ಸಿದ್ದಣ್ಣಾ," ಎಂದ ಅಂಬಾದಾಸ, ಎಲೆ ಮಡಚಿಕೊಳ್ಳುತ್ತ, "ನಿಮ್ಮ ಪ್ರೊಫೆಸರ್‌ಗ ನನ್ನ ನಮಸ್ಕಾರ ಹೇಳ್ರಿ."

ಸಿದ್ದರಾಯ ಮಾವನ ಬೈಗುಳಕ್ಕೆ ತಲೆ ಒಡ್ಡಿ ನಿಂತ. ಆದರೆ ಸಂಗಣ್ಣ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. ಯಾವ ಪಾಲಿನಲ್ಲಿ ಏನಿದೆಯೆಂದು ಹೆಸರು ಒದರುವವನಿಗೆ ಗೊತ್ತೇ ಇರುತ್ತದೆ ಎಂದು ಈಗಷ್ಟೇ ಬಂದ ಅವನು ತಿಳಿದಿದ್ದ.

"ಅಳಿಯಾ! ಎಲುಬಿನ ಪಾಲನ್ನ ಏನು ಗಟ್ಟಿಯಾಗಿ ಒದರಿ ತಗೊಂಡೆಪಾ! ಚಲೋದೆಲ್ಲಾ ಮಂದಿಗೆ ಬಿಟ್ಟು ಕೆಟ್ಟದ್ದಕ್ಕ 'ನಂದು' ಅನ್ನೋ ಮನಿಶ್ಯಾನ್ನ ನಾ ಇವತ್ತ ಕಂಡೆ. ನಿನ್ನ ಹಾಳು ಮನಿಶ್ಯಾ ಅಂದಿದ್ನಲ್ಲ, ನನ್ನ ನಾಲಿಗಿಗೆ ಹುಳ ಬೀಳಲಿ. ತಾಯವ್ವಾ, ಗಂಟು ಇಳಸು. ಇಂಥಾ ನ್ಯಾಯವಂತನ ಮನ್ಯಾಗ ನಿನಗೇನು ಕಡಿಮಿ?"

ಸಿದ್ದರಾಯನಿಗೆ ಒಮ್ಮೆಗೇ ರೆಕ್ಕೆ ಬಂದವು. ಕಲೇಜಿ ಹೋದರೆ ಹೋಯಿತು, ಸಂಸಾರ ಉಳಿಯಿತಲ್ಲ! "ಅದರಾಗೇನೈತ್ರಿ ಮಾವಾರ. ನಂದು ಸ್ವಭಾವನ ಹಂಗ," ಎಂದ. ಕಾಸಿಮಸಾಬ ಪಕ್ಕಕ್ಕೆ ಬಂದು ಬೀಡಿ ಎಲ್ಲಿ ಎಂದು ಕೈಯೊಡ್ಡಿದ.

ತಾಯವ್ವ ಗಂಡನನ್ನು ಒಮ್ಮೆ, ಕಾಸಿಮಸಾಬನ ಕೈಯನ್ನು ಒಮ್ಮೆ ನೋಡಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಆ ಎಲುಬುಗಳಿಂದ ಕೆತ್ತಿ, ಹೆರೆದು, ಬಡಿದು ಒಂದಿಷ್ಟು ಖಂಡ ತೆಗೆದಳು. ಅಪ್ಪ ಸಂಗಣ್ಣನಿಗೆ ಅವನ ಪಾಲು ಬಡಿಸಿಯಾಯಿತು. ಉಳಿದದ್ದಕ್ಕೆ ಎರಡು ತಾಟು ಇಟ್ಟಳು, ಒಂದರಲ್ಲಿ ತುಂಡು, ಇನ್ನೊಂದರಲ್ಲಿ ರಸ. ರೂಢಿಯಂತೆ ಸಿದ್ದರಾಯನ ಕೈ ತುಂಡಿದ್ದ ತಾಟಿನ ಕಡೆ ತಾನಾಗಿಯೇ ಹೋಯಿತು.

"ತಡೀರಿ," ಎಂದಳು ತಾಯವ್ವ. "ಊರ ಮುಂದ ಮಾಡಿದ ನ್ಯಾಯ ಮನ್ಯಾಗೂ ಆಗಲಿ. ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ರಿ."

"ಭೇಷ್ ಮಗಳ!" ಎಂದ ಸಂಗಣ್ಣ, ಮೊಣಕಾಲಿನ ಎಲುಬು ಚೀಪುತ್ತ. "ಅಳಿಯಾ, ತಿರುಗಪಾ."

ಸಿದ್ದರಾಯ ತಿರುಗಿದ. ಎದುರಿಗೆ ಬರಿಯ ಮಣ್ಣಿನ ಗೋಡೆ.

"ಇದು ಯಾರದ್ರೀ?"

"ನಂದು," ಎಂದು ತಿರುಗಿ ನೋಡಿದ. ರಸ. ತುಂಡಿದ್ದ ತಾಟು ತಾಯವ್ವನ ಮುಂದಿತ್ತು.

"ಮಾವಾರ, ತಾಟು ಸರದ ಸಪ್ಪಳ ಆತ್ರಿ!"

"ನನಗೇನೂ ಕೇಳಲಿಲ್ಲಪಾ," ಎಂದ ಸಂಗಣ್ಣ. ಅವನ ಬಾಯಿ ತುಂಬಿತ್ತು.

"ಸಂಶೆ ಇದ್ರ ಇನ್ನೊಮ್ಮೆ ತಿರುಗ್ರಿ," ಎಂದಳು ತಾಯವ್ವ, ಬಲು ವಿನಯದಿಂದ.

ಇನ್ನೊಮ್ಮೆ ತಿರುಗಿದ. ಈ ಸಲ ಜಾಣತನ ಮಾಡಿ "ನಿಂದು" ಎಂದ. ತಿರುಗಿ ನೋಡಿದರೆ ಆಗಲೂ ತನ್ನ ಮುಂದೆ ರಸವೇ. ಅವಳ ತಾಟಿನಲ್ಲಿ ತುಂಡು ಅರ್ಧಕ್ಕೆ ಇಳಿದಿದ್ದವು. ಮೂರನೇ ಸಲ ತಿರುಗಿದಾಗ ರಸವೂ ಅರ್ಧ ಆಗಿತ್ತು. ಮಾವನ ಮೀಸೆ ಕೆಂಪಾಗಿತ್ತು.

"ಹಿಂಗಲ್ಲ! ಇದು ನ್ಯಾಯ ಅಲ್ಲ! ಕಡೇದು, ಇನ್ನೊಂದ ಸಲ ಆಗಲಿ!" ಎಂದು ಸಿದ್ದರಾಯ ಗೋಡೆಗೆ ಹಣೆ ತಾಗಿಸಿ, ಕಣ್ಣು ಮುಚ್ಚಿ, ಒಂಬತ್ತು ವರ್ಷ ಕೇಳಿದ ಪಾಠವನ್ನೆಲ್ಲ ನೆನೆಸಿಕೊಂಡು ಕೂತ. ಇದು ಯಾರದೆಂದು ಈ ಸಲ ಯಾರೂ ಕೇಳಲಿಲ್ಲ. ಹಿತ್ತಲಲ್ಲಿ ನೀರು ಸುರಿದ ಸದ್ದಷ್ಟೇ ಕೇಳಿತು. ಕಾದು ಕಾದು ಸಾಕಾಗಿ ಅವನು ಹೊರಳಿ ನೋಡಿದ.

ಎರಡೂ ತಾಟು ತೊಳೆದು, ಒಂದರ ಪಕ್ಕ ಒಂದು ಬೋರಲು ಹಾಕಿದ್ದವು. ಒಂದರಲ್ಲಿ ಒಂದು ಚೂರು ಹೆಚ್ಚಿಲ್ಲ, ಇನ್ನೊಂದರಲ್ಲಿ ಒಂದು ಚೂರು ಕಡಿಮೆಯಿಲ್ಲ.