ತಲೆಯ ಹಿಂದೆ ಕಣ್ಣಿದ್ದ ನಮ್ಮ ಮಾವನವರು

ನಮ್ಮ ಮಾವನವರು ಒಂದೇ ಬೇಸಿಗೆಯಲ್ಲಿ ಎರಡು ಸಲ ತೀರಿಕೊಂಡರು. ಎರಡೂ ಸಲ ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದರು. ನಗಬೇಡಿ, ಇದು ನಮ್ಮ ಮನೆಯಲ್ಲೇ ನಡೆದದ್ದು!

ಆಗ ನಾವು ಪುಣೆಯಲ್ಲಿ, ಹಲವು ಬಿಡಾರಗಳಿದ್ದ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆವು. ಮಾವನವರು ಧಾರವಾಡದ ಕಡೆಯವರು, ಇಂಗ್ರೇಜರ ಕಚೇರಿಯಲ್ಲಿ ಕಾರಕೂನರು. ಅಂಗಳದ ನಡುವೆ ಬೇವಿನ ಮರ, ಅದರಾಚೆ ನೀರಿನ ನಳ. ಆ ವರ್ಷ ಬೇವಿನ ಮೇಲೆ ಕಾಗೆ ಗೂಡು ಕಟ್ಟಿತು. ಮನೆಯೊಳಗೆ ನಾನು ಬಸುರಿ. ಹಿಂದಿನ ವರ್ಷ ಹುಟ್ಟಿದ ಕೂಸು ಉಳಿದಿರಲಿಲ್ಲ. ತವರಿಗೆ ಕಳಿಸೋಣವೆಂದರೆ ಅಲ್ಲಿ ತಾಯಿಯಿಲ್ಲ. ನಾನು ಕೊಡ ಎತ್ತುವಂತಿಲ್ಲ, ಅತ್ತೆಯವರಿಗೆ ಮೊಣಕಾಲು ನೋವು, ನನ್ನ ಯಜಮಾನರದು ಊರೂರು ತಿರುಗುವ ನೌಕರಿ. ನೀರು ತರುವ ಕೆಲಸ ಮಾವನವರ ಪಾಲಿಗೆ ಬಂತು.

ಗೂಡಿನಲ್ಲಿ ಮರಿಯಾದದ್ದೇ ತಡ, ಆ ತಾಯಿಕಾಗೆಗೆ ಇಡೀ ವಾಡೆಯಲ್ಲಿ ಇವರ ತಲೆಯೇ ಬೇಕೆ! ಮೊದಲ ದಿನ ‘ಹುಶ್’ ಅಂದದ್ದಕ್ಕೆ ಮುಖ ನೆನಪಿಟ್ಟಿತ್ತೋ ಏನೋ. ಹಿಂದಿನಿಂದ ಬಂದು ರುಮಾಲಿಗೆ ಕುಕ್ಕುತ್ತಿತ್ತು. ಛತ್ರಿ ಹಿಡಿದರು, ಒಂದು ಕೈಯಲ್ಲಿ ಛತ್ರಿ, ಒಂದರಲ್ಲಿ ಕೊಡ, ಧೋತರ ಜಾರಿದರೆ ಹಿಡಿಯಲು ಇನ್ನೊಂದು ಕೈ ಎಲ್ಲಿಂದ ತರಬೇಕು? ಹಿತ್ತಾಳೆಯ ಬೋಗುಣಿ ಬೋರಲು ಹಾಕಿಕೊಂಡರು. ಕಾಗೆ ಕುಕ್ಕಿದರೆ ಟಣ್! ಎಲ್ಲೋ ಮಂಗಳಾರತಿ ಆಯಿತೆಂದು ವಾಡೆಯ ಮುದುಕಿಯರು ಕೈಮುಗಿಯುತ್ತಿದ್ದರು.

ಬರೀ ಪೆಟ್ಟಾಗಿದ್ದರೆ ಸರಿ. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ ಎನ್ನುತ್ತಿದ್ದರು ಹಿರಿಯರು. ಪರಿಹಾರವೂ ಅವರದೇ: ದೂರದ ನೆಂಟರಿಗೆ ‘ತೀರಿಕೊಂಡರು’ ಎಂದು ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಅತ್ತರೆ ಗಂಡಾಂತರ ಕಳೆಯಿತು. ಬೆನ್ನಿಗೇ ನಿಜ ಹೇಳಿ ಕಳಿಸಬೇಕು. ಮಾವನವರು ಭೋರ್‌ನಲ್ಲಿದ್ದ ತಮ್ಮ ಅಕ್ಕನಿಗೆ, ಆ ಕಡೆ ಹೊರಟಿದ್ದ ಬೆಲ್ಲದ ವ್ಯಾಪಾರಿಯ ಬಾಯಲ್ಲಿ, ತಮ್ಮ ಸಾವನ್ನು ಹೇಳಿ ಕಳಿಸಿದರು. ನಿಜ ಹೇಳಿ ಕಳಿಸುವುದನ್ನು ಮರೆತರು!

ಮೂರನೆಯ ದಿನ ಅಕ್ಕ ಎದೆ ಬಡಿದುಕೊಳ್ಳುತ್ತ ಅಂಗಳಕ್ಕೆ ಬಂದರೆ, ಸತ್ತವರು ಬೋಗುಣಿ ಹೊತ್ತು ನೀರು ತರುತ್ತಿದ್ದಾರೆ!

“ಏ ಭಾಡ್ಯಾ! ಸತ್ತಾಂವ ನೀರು ಯಾಕ ಹೊರ್ಲಿಕ್ಕತ್ತೀ?”

“ನೀ ಅತ್ತಿಯಲ್ಲ ಅಕ್ಕಾ, ಆತು, ಗಂಡಾಂತರ ಕಳೀತು. ಬಾ, ಊಟಕ್ಕ ಕೂಡು.”

“ಊಟ ಹಾಳಾಗಲಿ! ಹಾದಿತುಂಬ ಅತ್ತು ಗಂಟಲಾ ಬತ್ತ್ಯದ. ಮೊದಲ ಆ ಕೊಡಾ ಇಳಸು.”

ಮುಂದಿನ ವಾರ ಕಾಗೆ ಮತ್ತೆ ಮುಟ್ಟಿತು. ಸುದ್ದಿ ಮತ್ತೆ ಹೋಯಿತು. ಅಕ್ಕ ಬರಲಿಲ್ಲ, ಅವರ ಮಾತು ಬಂತು: “ಈ ಸಲ ಸೀದಾ ಹನ್ನೆರಡನೇ ದಿನದ ಊಟಕ್ಕ ಬರ್ತೀನಿ.”

ಕೊನೆಗೆ ಮಾವನವರು ಬೋಗುಣಿ ಬಿಟ್ಟು ರುಮಾಲಿನ ಹಿಂಬದಿಗೆ ನನ್ನಿಂದ ಕಾಡಿಗೆಯಲ್ಲಿ ಎರಡು ದೊಡ್ಡ ಕಣ್ಣು ಬರೆಸಿಕೊಂಡರು. “ಸ್ವಲ್ಪ ಸಿಟ್ಟಿನ್ವು ಬರಿಯವಾ!”

“ಮದುವಿ ಆದಾಗಿಂದ ಮುಂದಿನ ಕಣ್ಣಿಗೇ ನಾ ಅಂಜಿಲ್ಲ. ಹಿಂದಿನವಕ್ಕ ಕಾಗಿ ಅಂಜತದೇನು?” ಅಂದರು ಅತ್ತೆಯವರು.

ಅಂಜಿತು! ಇವರನ್ನು ಬಿಟ್ಟು ವಾಡೆಯ ಮಾಲಕರ ತಲೆ ಹಿಡಿಯಿತು. ಮರುದಿನವೇ ಅವರು ಕೊಡಲಿಯವನನ್ನು ಕರೆತಂದರು, ಕೊಂಬೆ ಕಡಿಸಲು. ನಮಗೆಲ್ಲ ಪೀಡೆ ಕಳೆಯಿತು ಅನ್ನಿಸಿದರೆ, ಮಾವನವರು ಓಡಿಹೋಗಿ ಮರವನ್ನು ತಬ್ಬಿ ನಿಂತರು! ಮಾತು ಮರಾಠಿ, ಸಿಟ್ಟು ಮಾತ್ರ ಧಾರವಾಡದ್ದು: “ಮನೆಯಲ್ಲಿ ಬಸುರಿ ಇದ್ದಾಳೆ. ಗೂಡು ಕೀಳುವಂತಿಲ್ಲ. ಕಾಗೆಯ ಕಾಟವೆ? ನಾಳೆಯಿಂದ ನಿಮ್ಮ ನೀರೂ ನಾನೇ ತರುತ್ತೇನೆ.”

ತಂದರು ಕೂಡ! ಕಾಗೆಗೂ ಅಷ್ಟರಲ್ಲಿ ಕಾಡಿಗೆಯ ಕಣ್ಣು ಬರೀ ಸೋಗೆಂದು ತಿಳಿದುಹೋಗಿತ್ತು. ಮತ್ತೆ ಬೋಗುಣಿ, ಮತ್ತೆ ಟಣ್, ಮತ್ತೆ ನಗು.

ಮಳೆ ಹಿಡಿಯುವ ಹೊತ್ತಿಗೆ ಮರಿಗಳು ಹಾರಿದವು. ಅದೇ ವಾರ ನನಗೆ ಹೆಣ್ಣುಮಗು ಹುಟ್ಟಿತು. ಹುಟ್ಟುತ್ತಲೇ ವಾಡೆ ಹಾರಿಹೋಗುವಂತೆ ಅತ್ತಿತು! “ಹುಟ್ಟಿದ ಸುದ್ದಿ ಸುಳ್ಳು ಇರೂದಿಲ್ಲ” ಎಂದು ಭೋರ್‌ನ ಅಕ್ಕನೂ ಬಂದರು.

ಕೂಸಿಗೆ ಸುತ್ತಲು ಮೆತ್ತನೆಯ ಹಳೆಯ ಬಟ್ಟೆ ಬೇಕಿತ್ತು. ಮಾವನವರು ಆ ರುಮಾಲನ್ನೇ ಬಿಚ್ಚಿ ಕೊಟ್ಟರು. ಎಷ್ಟು ಒಗೆದರೂ ಕಾಡಿಗೆ ಹೋಗಲಿಲ್ಲ. “ಇರಲಿ ಬಿಡವಾ, ದೃಷ್ಟಿಗೆ ಛಲೋ” ಅಂದರು.

ಮಳೆ ಬಿಟ್ಟ ಒಂದು ಮುಂಜಾನೆ, ರುಮಾಲಿಲ್ಲದೆ ಹೊಸ್ತಿಲು ದಾಟದ ಆ ಮನುಷ್ಯ ಕೂಸನ್ನೆತ್ತಿಕೊಂಡು ಬರಿತಲೆಯಲ್ಲಿ ಬೇವಿನ ಕೆಳಗೆ ಹೋಗಿ ನಿಂತರು. ನಾನು ಬಾಗಿಲಲ್ಲಿದ್ದೆ. ಆ ನೆತ್ತಿಯ ತುಂಬ ಕೊಕ್ಕಿನ ಗಾಯದ ಕಲೆಗಳು! ಬೇಸಿಗೆಯುದ್ದಕ್ಕೂ ನಕ್ಕಿದ್ದೆ, ನೋಡಿದ್ದು ಅವತ್ತೇ.

ಅವರು ಕೊಂಬೆಯ ಮೇಲಿದ್ದ ತಾಯಿಕಾಗೆಗೆ ಕೂಸನ್ನೆತ್ತಿ ತೋರಿಸುತ್ತಿದ್ದರು.

“ನೋಡವಾ, ನಿನ್ವೂ ಉಳದ್ವು. ನಮ್ದೂ ಉಳೀತು.”