ಮುಖ ಬೆಳ್ಳಗೆ ಮಾಡದ ಕ್ಯಾಮೆರಾ

ಎರಡು ಸಾವಿರದ ಎಂಟುನೂರು ರೂಪಾಯಿ. ಹಳೇ ಸಾಮಾನಿನ ಅಂಗಡಿಯವನು ನಾಲ್ಕೂವರೆ ಸಾವಿರ ಹೇಳಿದ್ದ. ನಾನು ಎರಡರಿಂದ ಶುರು ಮಾಡಿ, ನಡುವೆ ಎದ್ದು ಹೊರಟಂತೆ ಮಾಡಿ, ಅವನ ಖರ್ಚಿನಲ್ಲೇ ಟೀ ಕುಡಿದು, ಕುತ್ತಿಗೆಗೆ ಹಾಕುವ ದಾರವನ್ನೂ ಪುಕ್ಕಟೆ ಗಿಟ್ಟಿಸಿಕೊಂಡು ಇಷ್ಟಕ್ಕೆ ತಂದ ಪುಟ್ಟ ಡಿಜಿಟಲ್ ಕ್ಯಾಮೆರಾ ಅದು. ಅದರಲ್ಲಿ ಮಾತಾಡಲಾಗುವುದಿಲ್ಲ, ಹಾಡು ಕೇಳಲಾಗುವುದಿಲ್ಲ, ಕರೆಂಟು ಹೋದರೆ ಟಾರ್ಚೂ ಇಲ್ಲ. ಫೋಟೋ ತೆಗೆಯುತ್ತದೆ, ಅಷ್ಟೇ. ಮನೆಯ ಡ್ರಾಯರಿನಲ್ಲಿ ಒಳ್ಳೇ ಸ್ಮಾರ್ಟ್‌ಫೋನೊಂದು ಸುಮ್ಮನೆ ಬಿದ್ದಿರುವಾಗ, ಸೈಕಲ್ಲಿಗೆ ಪ್ಲಾಸ್ಟಿಕ್ ಬಿಂದಿಗೆ ಕಟ್ಟಿಕೊಂಡು ಊರೂರು ಮಾರಿ, ಕೆ.ಆರ್.ಪೇಟೆಯಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟ ನಾನು ಇಂಥದಕ್ಕೆ ದುಡ್ಡು ಸುರಿಯುವುದುಂಟೇ?

ಸುರಿದೆ. ಏಕೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನಲ್ಲಿ ಫೋಟೋದಲ್ಲಿ ಜನ ಚೆನ್ನಾಗಿ ಕಾಣಬಾರದು ಎಂದು ಹಟ ಹಿಡಿದಿರುವ ವ್ಯಕ್ತಿ ಒಬ್ಬರೇ ಇದ್ದಾರೆ. ಅವರು ನನ್ನ ಅತ್ತೆ.

ಹೆಂಡತಿಯ ತಾಯಿಯಲ್ಲ, ಅಪ್ಪನ ತಂಗಿ. ಅಕ್ಕಿಹೆಬ್ಬಾಳಿನವರು. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಮೊದಲ ಬಸ್ಸಿಗೇ ಬಂದು ನನ್ನ ಅಂಗಡಿ ಮುಂದೆ ಇಳಿಯುತ್ತಾರೆ. ಗಂಡು ಹೆಣ್ಣು ಕೂಡಿಸುವುದು ಅವರ ಕಸುಬು. ಕಸುಬು ಎನ್ನಬಾರದು, ಕಾಸು ಮುಟ್ಟುವುದಿಲ್ಲವಲ್ಲ. ಊಟ ಹಾಕಿ, ಎಲೆ ಅಡಿಕೆ ಕೊಟ್ಟರೆ ಸಾಕು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಂದಿನಿಂದಂತೂ ಅವರ ಕಾಲು ನೆಲದ ಮೇಲಿಲ್ಲ. ಬೇಸಾಯಗಾರ ಹುಡುಗರಿಗೆ ಹೆಣ್ಣು ಸಿಗದ ಈ ಕಾಲದಲ್ಲಿ ಅತ್ತೆ ಬಸ್ಸಿನಿಂದ ಇಳಿದರೆಂದರೆ, ಆ ಊರಿನ ಗಂಡುಮಕ್ಕಳು ತಾವಾಗಿಯೇ ಕ್ಷೌರ ಮಾಡಿಸಿಕೊಳ್ಳುತ್ತಾರೆ.

ಮೊದಲು ನಾನು ಕೊಟ್ಟದ್ದು ಫೋನನ್ನೇ. ಎರಡು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಪಾಂಡವಪುರದ ಕಡೆಯ ಹುಡುಗನೊಬ್ಬನ ಫೋಟೋ ತೆಗೆದರು. ಐದು ಹಸು ಕಟ್ಟಿದವನು, ಬಿಸಿಲಿನಲ್ಲಿ ದುಡಿದು ಒಳ್ಳೇ ರಾಗಿ ಬಣ್ಣಕ್ಕೆ ಬಂದವನು. ಆ ಫೋನಿನಲ್ಲಿ ಮುಖವನ್ನು ತಾನೇ ತೊಳೆದು ಬೆಳಗಿ ಕೊಡುವ ಒಂದು ಏರ್ಪಾಡಿತ್ತು, ನನಗೂ ಗೊತ್ತಿರಲಿಲ್ಲ. ಫೋಟೋದಲ್ಲಿ ಹುಡುಗ ಮೈದಾಹಿಟ್ಟಿನ ಚೀಲದಲ್ಲಿ ಮಲಗೆದ್ದವನ ಹಾಗೆ ಬಂದ. ನಾಗಮಂಗಲದ ಹೆಣ್ಣಿನವರು ಅದನ್ನು ನೋಡಿ ಮೆಚ್ಚಿ, ಮನೆ ನೋಡಲು ಹೋದರು. ಕೊಟ್ಟಿಗೆ ಮುಂದೆ ಬೆಳ್ಳಗಿನ ಯುವಕನೊಬ್ಬ ನಿಂತಿದ್ದ. ಹೆಣ್ಣಿನ ಅಪ್ಪ ನೇರ ಹೋಗಿ ಅವನ ಕೈ ಹಿಡಿದುಕೊಂಡು ಊಟ ತಿಂಡಿ, ಅಭ್ಯಾಸ, ಕುಡಿತ, ಎಲ್ಲ ವಿಚಾರಿಸಿದರು. ಅವನೂ ಮರ್ಯಾದಸ್ಥ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಕೊನೆಗೆ ಹೇಳಿದ: "ಎಲ್ಲಾ ಸರಿ ಯಜಮಾನ್ರೇ, ಆದ್ರೆ ನಂಗೆ ಆಗ್ಲೇ ಎರಡು ಮಕ್ಳವೆ. ನಾನು ಅಸೀಗೆ ಇಂಜೆಕ್ಷನ್ ಆಕಕ್ಕೆ ಬಂದೋನು."

ಹಸುವಿನ ಹಗ್ಗ ಹಿಡಿದು ಪಕ್ಕದಲ್ಲಿ ನಿಂತಿದ್ದವನೇ ಗಂಡು. ಹೆಣ್ಣಿನವರು ಒಂದು ಸಲ ಫೋಟೋ ನೋಡಿದರು, ಒಂದು ಸಲ ಅವನನ್ನು ನೋಡಿದರು, ಬಂದ ಕಾರಿನಲ್ಲೇ ಹೊರಟರು. ಆ ಹುಡುಗ ಹಗ್ಗ ಬಿಡದೆ ಹಾಗೇ ನಿಂತಿದ್ದನಂತೆ. ಅತ್ತೆ ಮಾರನೇ ದಿನವೇ ಬಂದು ಫೋನನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

"ತಕಳ್ಳಾ ನಿನ್ನ ಸುಣ್ಣ ಬಳಿಯೋ ಮಿಷನ್ನು. ಒಂದು ಗಂಡಿನ ಮರ್ವಾದೆ ತಗೀತು."

"ಅತ್ತೆ, ವಸಿ ಕೇಳು. ಆ ಬೆಳ್ಳಗೆ ಮಾಡೋದನ್ನ ಆಫ್ ಮಾಡ್ಕೊಡ್ತೀನಿ."

"ಒಂದ್ಸಲ ಸುಳ್ಳೇಳಿದ್ ಬಾಯಿ ಅದು. ನಾಳೀಕೆ ತಾನೇ ಆನ್ ಆದ್ರೆ ನೀ ಬಂದು ನಿಂತ್ಕಂಡೀಯಾ ಅವ್ರ ಮುಂದೆ? ನಂಗೆ ಬರೀ ಫೋಟೋ ತೆಗ್ಯೋ ಕ್ಯಾಮೆರಾ ಕೊಡ್ಸು."

"ಈ ಫೋನಲ್ಲಿ ಐವತ್ತು ಮೆಗಾಪಿಕ್ಸೆಲ್ ಅದೆ. ಕ್ಯಾಮೆರಾದಲ್ಲಿ ಹನ್ನೆರಡೇ."

"ಅನ್ನೆರಡ್ರಲ್ಲಿ ಮೂಗು ಎಷ್ಟು ಬತ್ತದೆ?"

"ಮೂಗು ಒಂದೇ."

"ಸಾಕು ಬುಡು."

ಹೀಗೆ ಆ ಎರಡು ಸಾವಿರದ ಎಂಟುನೂರು ಖರ್ಚಾಯಿತು.

ಕ್ಯಾಮೆರಾ ಬಂದ ಮೇಲೆ ಅತ್ತೆಯ ಕಾನೂನುಗಳೂ ಬಂದವು. ಪೌಡರ್ ಹಾಕಬಾರದು. ಕೂಲಿಂಗ್ ಗ್ಲಾಸ್ ಕೂಡದು. ಇನ್ನೊಬ್ಬರ ಬೈಕಿನ ಮೇಲೆ ಕೂರಬಾರದು. "ನಗು" ಎಂದು ಅವರು ಯಾರಿಗೂ ಹೇಳುವುದಿಲ್ಲ. ಗಂಡನ್ನು ಎದುರಿಗೆ ನಿಲ್ಲಿಸಿ, ಕ್ಯಾಮೆರಾ ಹಿಡಿದು, "ನಾಳೀಕೆ ನಿಮ್ಮವ್ವಂಗೂ ನಿನ್ ಎಂಡ್ರಿಗೂ ಜಗ್ಳ ಆದ್ರೆ ನೀನ್ ಯಾರ್ ಕಡೀಕ್ಲಾ?" ಎಂದು ಕೇಳುತ್ತಾರೆ. ಆಗ ಅವನ ಮುಖದಲ್ಲಿ ಏನು ಮೂಡುತ್ತದೋ ಅದನ್ನು ಕ್ಲಿಕ್ ಮಾಡುತ್ತಾರೆ. ಯಾಕತ್ತೆ ಹೀಗೆ ಎಂದರೆ, "ಮದ್ವೆ ಆದ್ಮೇಲೆ ಆ ಎಣ್ಣು ದಿನಾ ನೋಡೋ ಮೊಕ ಅದೇ ಕಣ್ಲಾ" ಎನ್ನುತ್ತಾರೆ. ಇದಕ್ಕೆ ನೀವು ಏನು ಹೇಳುತ್ತೀರಿ?

ಆ ಕ್ಯಾಮೆರಾ ನಡೆಯುವುದು ಪೆನ್ಸಿಲ್ ಸೆಲ್ಲಿನಿಂದ. ಸೆಲ್ಲು ಸ್ವಲ್ಪ ಇಳಿದರೂ ಕಣ್ಣು ಮುಚ್ಚಿಕೊಳ್ಳುತ್ತದೆ. ಆದರೆ ಅದು ಸತ್ತಿತು ಎಂದು ಉಗಿದ ಸೆಲ್ಲು ಗೋಡೆ ಗಡಿಯಾರದಲ್ಲಿ ಇನ್ನೂ ಆರು ತಿಂಗಳು ಓಡುತ್ತದೆ. ಇದನ್ನು ಕಂಡುಹಿಡಿದ ಅತ್ತೆ, ಸೆಲ್ಲು ದಂಡವಾಗಬಾರದೆಂದು ಗಡಿಯಾರ ಕೊಳ್ಳತೊಡಗಿದರು. ಈಗ ಅವರ ಮನೆಯ ಹಟ್ಟಿಯೆನ್ನುವ ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಕೊನೆಗೆ ಬಚ್ಚಲಲ್ಲೂ ಗಡಿಯಾರ. ಒಂದೊಂದರದು ಒಂದೊಂದು ಟೈಮು. ಅವರ ಸೊಸೆ ನನ್ನನ್ನು ಕಂಡಾಗಲೆಲ್ಲ ಹೇಳುತ್ತಾಳೆ: "ಭಾವ, ನೀವ್ ಕೊಡ್ಸಿದ್ ಕ್ಯಾಮೆರಾದಿಂದ ನಮ್ಮನೇಲಿ ಬಚ್ಚಲಿಗೋದ್ರೆ ಮಧ್ಯಾಹ್ನ, ಈಚೆಗ್ ಬಂದ್ರೆ ಬೆಳಗಾನೆ."

ಇನ್ನೊಂದು ಕಾನೂನು, ಇದನ್ನು ನಾನು ವ್ಯಾಪಾರಿಯಾಗಿ ಮೆಚ್ಚಿದ್ದು. ಅತ್ತೆ ಫೋಟೋ ತೆಗೆದು, ಪೇಟೆಯ ಸ್ಟುಡಿಯೋದಲ್ಲಿ ಒಂದೇ ಒಂದು ಪ್ರಿಂಟು ಹಾಕಿಸುತ್ತಾರೆ. ತಾವೇ ಕೊಂಡೊಯ್ದು ತೋರಿಸುತ್ತಾರೆ. ಸಂಬಂಧ ಕೂಡಲಿ ಬಿಡಲಿ, ಆ ಪ್ರಿಂಟನ್ನು ವಾಪಸ್ ಇಸಿದುಕೊಂಡೇ ಏಳುತ್ತಾರೆ. "ಫೋನಲ್ಲಿ ಕಳ್ಸಿದ್ ಎಣ್ಣಿನ್ ಫೋಟೋ ಯಾವ್ ಬಡ್ಡೀಮಗನ್ ಕೈಲಿ ಕುಂತದೋ ಯಾರ್ ಕಂಡವ್ರೆ? ಇದು ನಾ ಕೊಟ್ಟಿದ್ದು, ನಾ ತಂದಿದ್ದು." ಅಲ್ಲಿಯವರೆಗೆ ಒಂದು ಪ್ರಿಂಟೂ ಅವರ ಕೈ ತಪ್ಪಿರಲಿಲ್ಲ.

ಈಗ ಶೀಳನೆರೆಯ ಕಡೆಯ ಒಬ್ಬ ಹುಡುಗಿಯ ವಿಷಯ. ಹಾಲಿನ ಡೇರಿಯಲ್ಲಿ ಕೆಲಸ, ಚುರುಕು ಹುಡುಗಿ. ಚಿಕ್ಕವಳಿದ್ದಾಗ ಕುದಿಯುವ ಗಂಜಿ ಬಿದ್ದು ಎಡಗೆನ್ನೆಯಿಂದ ಕತ್ತಿನವರೆಗೆ ಸುಟ್ಟ ಕಲೆ. ನೋಡಲು ಬಂದವರೆಲ್ಲ ಕಾಫಿ ಕುಡಿದು, ಆಮೇಲೆ ಹೇಳಿ ಕಳಿಸುತ್ತೇವೆಂದು ಹೋದವರು ಹೇಳಿ ಕಳಿಸಿರಲಿಲ್ಲ. ನಾನು ಅತ್ತೆಯನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋದಾಗ ಅವಳ ತಾಯಿ ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ಅಕ್ಕಾ, ಇದೊಂದ್ ಸಲ ಫೋನಲ್ಲಿ ತೆಗೀರಕ್ಕ. ಅದ್ರಲ್ಲಿ ಕಲೆ ಕಾಣಾಕಿಲ್ವಂತೆ. ಎಣ್ಣು ನೋಡಕ್ಕಾದ್ರೂ ಯಾರಾರ ಬರ್ಲಿ."

ನನಗೂ ಅದೇ ಸರಿಯೆನ್ನಿಸಿತು. ನನ್ನ ಫೋನು ತೆಗೆದು, "ಅತ್ತೆ, ಮಾರೋವಾಗ ಒಳ್ಳೇ ಮಗ್ಗುಲು ತೋರಿಸ್ಬೇಕು. ನೆಗ್ಗಿದ ಪಾತ್ರೆಯ ನೆಗ್ಗನ್ನ ನಾನೇ ಗಿರಾಕಿಗೆ ತಿರುಗಿಸ್ತೀನಾ?" ಎಂದೆ.

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಫೋನು ತಾನಾಗಿ ಜೇಬಿಗೆ ಇಳಿಯಿತು. ಹುಡುಗಿಯನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ ಕೇಳಿದರು: "ನಿನ್ ಗಂಡ ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಏನ್ಮಾಡೀಯವ್ವ?"

"ಉಪ್ಪಿನ್ ಡಬ್ಬ ಎಲ್ಲದೆ ಅಂತ ತೋರಿಸ್ತೀನಿ" ಎಂದು ಹುಡುಗಿ ನಕ್ಕಳು. ಕ್ಲಿಕ್. ನಗುವೂ ಬಂತು, ಕಲೆಯೂ ಬಂತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಗೊಣಗಿದೆ. ಮನೆ ತಲುಪಿದ ಮೇಲೆ ಅತ್ತೆ ನನ್ನನ್ನು ಹಟ್ಟಿಯ ಗೋಡೆಯ ಮುಂದೆ ನಿಲ್ಲಿಸಿದರು. ಅಲ್ಲಿ ತೀರಿಹೋದ ಮಾವನೂ ಅತ್ತೆಯೂ ಜೊತೆಗೆ ನಿಂತ ಹಳೇ ಕಪ್ಪುಬಿಳುಪು ಫೋಟೋ. ಹುಟ್ಟಿದಾಗಿನಿಂದ ನೋಡಿದ್ದೆ.

"ಇದ್ಕೂ ಮುಂಚೆ ಅಲ್ಲಿ ಬ್ಯಾರೆ ಫೋಟೋ ಇತ್ತು. ನನ್ ಎಣ್ಣು ತೋರ್ಸಾಕೆ ತೆಗ್ಸಿದ್ದು. ಸಿಡುಬಿನಮ್ಮ ಆಗಿದ್ ಕಲೆ ಮೊಕದ್ ತುಂಬ ಇತ್ತಲ್ಲ, ಸ್ಟುಡಿಯೋದವ್ನು ಪೆನ್ಸಿಲ್ ಆಡಿಸಿ ಒಂದೂ ಇಲ್ದಂಗೆ ಮಾಡ್ಬುಟ್ಟಿದ್ದ. ಅದ್ನೇ ನೋಡಿ ನಿಮ್ಮಾವ ಒಪ್ಪಿದ್ದು. ಮದ್ವೆ ಆದ್ಮೇಲೆ ಈ ಮನೇಲಿ ಇಬ್ರು ಎಂಡ್ರು ಇದ್ದಂಗಿತ್ತು ಕಣ್ಲಾ. ಅವ್ಳು ಗೋಡೆ ಮ್ಯಾಲೆ, ನಾನು ಒಲೆ ಮುಂದೆ. ಅಟ್ಟಿಗ್ ಬಂದೋರೆಲ್ಲ ಅವ್ಳನ್ನ ನೋಡಿ ನನ್ನ ನೋಡೋರು."

"ಮಾವ ಏನಂದ್ರು?"

"ಒಂದಿನ ಅದ್ನ ಕೆಳುಕ್ಕಿಳಿಸಿ, ನನ್ನ ಸೈಕಲ್ ಮ್ಯಾಲೆ ಕೂರಿಸ್ಕಂಡು ಪ್ಯಾಟೆಗೋಗಿ, ಅದೇ ಸ್ಟುಡಿಯೋದವ್ನಿಗೆ ಏಳಿದ್ರು, 'ನನ್ ಎಂಡ್ತಿ ಎಂಗವ್ಳೋ ಅಂಗೇ ತೆಗಿ. ಪೆನ್ಸಿಲ್ ಮುಟ್ಟಿದ್ರೆ ಕಾಸಿಲ್ಲ.'"

ನಾನು ಫೋಟೋ ನೋಡಿದೆ, ಆಮೇಲೆ ಅತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ಕಲೆಗಳಿವೆ ಎಂಬುದು ಇಷ್ಟು ವರ್ಷದಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಅವತ್ತೇ.

ಆ ಪ್ರಿಂಟನ್ನು ಅತ್ತೆ ಪಾಂಡವಪುರದ ಕಡೆಗೇ ಒಯ್ದರು, ಹಸುವಿನ ಹಗ್ಗ ಹಿಡಿದು ನಿಂತಿದ್ದ ಹುಡುಗನ ಮನೆಗೆ. ನಾನೂ ಹೋಗಿದ್ದೆ. ಅವನ ತಾಯಿ ಫೋಟೋ ನೋಡಿ ಮಗನ ಕಡೆ ಚಾಚಿದರು. ಅವನು ಕೈ ಒರೆಸಿಕೊಂಡು ಈಸಿಕೊಂಡು, ಬಹಳ ಹೊತ್ತು ನೋಡಿ, "ಏನ್ ಏಳ್ದಾಗ ಇಂಗ್ ನಕ್ಕಿದ್ದು ಇವ್ರು?" ಎಂದು ಕೇಳಿದ. ಅತ್ತೆ ಉಪ್ಪಿನ ಡಬ್ಬದ ಕಥೆ ಹೇಳಿದರು. ಅವನೂ ನಕ್ಕ. ಮುಂದಿನ ವಾರ ಹೆಣ್ಣು ನೋಡಲು ಹೋದಾಗ, ಹೋಲಿಸಿ ನೋಡಿಕೋ ಎಂದು ಅತ್ತೆ ಫೋಟೋವನ್ನು ಮತ್ತೆ ಹುಡುಗನ ಕೈಗಿಟ್ಟರು. ಹುಡುಗಿ ಕಾಫಿ ಹಿಡಿದು ಹೊರಗೆ ಬಂದಳು. ಯಾರೂ ಬೆಚ್ಚಲಿಲ್ಲ, ಯಾರೂ ಕಣ್ಣು ತಪ್ಪಿಸಲಿಲ್ಲ. ಹುಡುಗ ತಾಯಿಗೆ ಮೆಲ್ಲಗೆ ಹೇಳಿದ: "ಫೋಟೋದಲ್ ಇದ್ದಂಗೇ ಅವ್ರೆ ಕಣವ್ವ."

ಮಾತು ಮುಗಿದು ಎಲೆ ಅಡಿಕೆ ಹಂಚಿದ ಮೇಲೆ ಅತ್ತೆ ಕಾನೂನಿನಂತೆ ಕೈ ಚಾಚಿದರು. "ಎಲ್ಲಪ್ಪಾ ಆ ಫೋಟೋ? ತತ್ತಾ."

ಹುಡುಗ ಜೇಬಿನ ಮೇಲೆ ಕೈ ಇಟ್ಟುಕೊಂಡ. "ಅದು ನನ್ ತಾವೇ ಇರ್ಲಿ ಬುಡಿ, ದೊಡ್ಡವ್ವ."

ಅತ್ತೆ ಚಾಚಿದ ಕೈಯನ್ನು ಹಾಗೇ ಎತ್ತಿ ಅವನ ತಲೆ ಸವರಿದರು.

ಈಗ ನಿಮಗೆ ನನ್ನ ಸಲಹೆ. ದಿನನಿತ್ಯದ ಫೋಟೋಗೆ ಕೈಯಲ್ಲಿರುವ ಫೋನೇ ಸಾಕು, ಬೇರೆ ದುಡ್ಡು ಹಾಕಬೇಡಿ; ಆದರೆ ಮುಖ ಬೆಳಗುವ ಏರ್ಪಾಡನ್ನು ಮೊದಲ ದಿನವೇ ಆಫ್ ಮಾಡಿ. ಹಳೇ ಕ್ಯಾಮೆರಾ ಕೊಳ್ಳಲೇಬೇಕೆಂದರೆ ಹೊಸ ಸೆಲ್ಲು ಜೊತೆಗೆ ಒಯ್ದು, ಅಂಗಡಿಯಲ್ಲೇ ಹಾಕಿ ಪರೀಕ್ಷಿಸಿ. ಇಳಿದ ಸೆಲ್ಲನ್ನು ಎಸೆಯಬೇಡಿ, ಗಡಿಯಾರಕ್ಕೆ ಹಾಕಿ. ಮತ್ತು ನಿಮ್ಮ ಮನೆಯವರು ಇರುವ ಹಾಗೇ ಬಂದ ಒಂದು ಫೋಟೋವನ್ನು ಫೋನಿನಲ್ಲೇ ಬಿಡದೆ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ, ಹಟ್ಟಿಯ ಗೋಡೆಗೆ ತೂಗುಹಾಕಿ. ಕಟ್ಟು ಹಾಕುವವನು ಡಬಲ್ ಹೇಳುತ್ತಾನೆ. ಅರ್ಧದಿಂದ ಶುರು ಮಾಡಿ.