ಇಲಿಮನೆಯ ಬಸುರಿಯರು

ಹೊಟ್ಟೆಯಲ್ಲಿರುವ ಕೂಸಿನ ಊಟದ ಬಗ್ಗೆ ಸಂಶೋಧನೆ ಮಾಡುವವರಿಗೆ ಒಂದು ಕಷ್ಟವಿದೆ. ಆ ವಿಷಯ ತನಗೆ ಗೊತ್ತಿಲ್ಲ ಎನ್ನುವವರು ಇಡೀ ಹೈದರಾಬಾದಿನಲ್ಲಿ ಒಬ್ಬರೂ ಸಿಗುವುದಿಲ್ಲ. ಹಾಗಾಗಿ ನನ್ನ ನೌಕರಿಯಲ್ಲಿ ನಗುವಿಗೆ ಯಾವತ್ತೂ ಬರ ಬಂದಿಲ್ಲ.

ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ವರ್ಷಗಳವು. ನಮ್ಮ ಪ್ರಯೋಗಾಲಯದ್ದು ಒಂದೇ ಪ್ರಶ್ನೆ: ತಾಯಿಗೆ ಬಸಿರಲ್ಲಿ ಒಳ್ಳೆಯ ಊಟ ಸಿಗದಿದ್ದರೆ, ಹುಟ್ಟಿದ ಮಗುವಿಗೆ ಮುಂದೆ ಬೊಜ್ಜು, ಸಕ್ಕರೆ ಕಾಯಿಲೆ ಬೇಗ ಬರುವುದು ಯಾಕೆ? ಇದಕ್ಕಾಗಿ ಮಕ್ಕಳನ್ನೂ ತೂಗುತ್ತಿದ್ದೆವು, ಇಲಿಗಳನ್ನೂ ಸಾಕಿದ್ದೆವು. ಆ ವರ್ಷದ ಕೊನೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಹೇಳಿಕೊಳ್ಳುವಂಥದ್ದು ಏನಾದರೂ ತೋರಿಸದಿದ್ದರೆ ನನ್ನ ಐದು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಅರ್ಧ ಕಿಲೋ ಕಡಿಮಿ

ರಾಯಚೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ತೂಕಕ್ಕೆ ತಂದಿದ್ದರು. ಕೂಸಿನ ತಲೆ-ಬೆನ್ನಿಗೆ ಕಟ್ಟಿದ್ದ ಸುಲ್ತಾನ್ ಬಜಾರಿನ ಹೊಸ ಕುಂಚಿಗೆ ಬಿಚ್ಚಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಕೊನೆಗೂ ತಕ್ಕಡಿಯಲ್ಲಿ ಮಲಗಿಸಿ ನಾನು ಬಾಯಿ ತೆರೆದೆ.

“ಜೋರಾಗಿ ಹೇಳಬ್ಯಾಡವಾ! ದೃಷ್ಟಿ ಆಗತೈತಿ. ಬರಿಯೂ ಮುಂದ ಅರ್ಧ ಕಿಲೋ ಕಡಿಮಿ ಬರಿ.”

“ಹಂಗ ಬರದ್ರ ನಮ್ಮ ಲೆಕ್ಕ ತಪ್ಪತೈತಿ ಅಜ್ಜಿ.”

ಅಜ್ಜಿ ನನ್ನ ದಡ್ಡತನಕ್ಕೆ ಮರುಗಿದರು. “ಎಲ್ಲಾ ಕೂಸುಗಳದೂ ಅರ್ಧ ಕಿಲೋ ಕಡಿಮಿ ಬರಿ. ಲೆಕ್ಕ ಹ್ಯಾಂಗ ತಪ್ಪತೈತಿ?”

ಅದಕ್ಕೊಂದು ಉತ್ತರ ಹುಡುಕಲು ಡಾಕ್ಟರೇಟ್ ಮಾಡಿದ ನನಗೆ ಅರ್ಧ ದಿನ ಬೇಕಾಯಿತು.

ಕೂಸಿನ ಅಪ್ರೈಸಲ್

ಮಾಧಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದ ಮೈಸೂರಿನ ಹುಡುಗ, ಹೊಸದಾಗಿ ತಂದೆಯಾದವನು, ಲ್ಯಾಪ್‌ಟಾಪ್ ಹೊತ್ತೇ ಬಂದ. ಮಗಳ ತೂಕಕ್ಕೆ ಬಣ್ಣಬಣ್ಣದ ಗ್ರಾಫ್ ಮಾಡಿದ್ದ.

“ಮೇಡಂ, ಹೋದ ತಿಂಗಳಿಗಿಂತ ಗ್ರೋತ್ ಕಮ್ಮಿ ಆಗಿದೆ. ಟಾರ್ಗೆಟ್ ಮುಟ್ಟೋದು ಯಾವಾಗ?”

ಕೂಸಿಗೆ ಟಾರ್ಗೆಟ್ ಇರುವುದಿಲ್ಲ, ತುರುಕಿ ತುರುಕಿ ಬೇಗ ದಪ್ಪ ಮಾಡುವುದೂ ಒಳ್ಳೆಯದಲ್ಲ ಎಂದು ಬಿಡಿಸಿ ಹೇಳಿದೆ. ಅವನ ಮುಖ ಇಳಿದೇ ಇತ್ತು. ಹೆಂಡತಿ ನನ್ನ ಕಿವಿಯ ಹತ್ತಿರ ಬಂದಳು.

“ಆಫೀಸಲ್ಲಿ ಇವರ ಅಪ್ರೈಸಲ್ ಈ ಸಲ ಸರಿಯಾಗಿಲ್ಲ ಮೇಡಂ. ಅದಕ್ಕೇ ಮಗುದು ಮಾಡ್ತಿದಾರೆ.”

ಇಲಿಮನೆ

ಮಕ್ಕಳ ಕಥೆ ಹೀಗಾದರೆ, ನನ್ನ ಮಾನವೆಲ್ಲ ನಿಂತಿದ್ದದ್ದು ಇಲಿಗಳ ಮೇಲೆ. ಒಂದು ಸಾಲಿನ ಬಸುರಿ ಇಲಿಗಳಿಗೆ ಪೂರ್ತಿ ಆಹಾರ, ಇನ್ನೊಂದು ಸಾಲಿಗೆ ಪ್ರೋಟೀನ್ ಕಡಿಮೆ ಮಾಡಿದ ಆಹಾರ. ಎರಡನೆಯ ಸಾಲಿನ ಮರಿಗಳು ಸಣಕಲಾಗಿ ಹುಟ್ಟಬೇಕು. ನಮ್ಮವು ಗುಂಡುಗುಂಡಾಗಿ ಹುಟ್ಟಿದವು. ಮತ್ತೊಮ್ಮೆ ಮಾಡಿದರೂ ಗುಂಡುಗುಂಡು. ಆಹಾರ ಪರೀಕ್ಷೆ ಮಾಡಿಸಿದೆ, ತಕ್ಕಡಿ ಬದಲಿಸಿದೆ, ಸ್ನಾನದ ಮನೆಯಲ್ಲಿ ಅತ್ತೆ. ಸಮಿತಿ ಬರಲು ಎರಡೇ ವಾರ ಉಳಿದಿತ್ತು.

ಒಂದು ಮಧ್ಯಾಹ್ನ ಊಟ ಬೇಗ ಮುಗಿಸಿ ಇಲಿಮನೆಗೆ ಹೋದೆ. ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಬಾಗಲಕೋಟೆಯ ಕಾಕಾ ಎರಡನೆಯ ಸಾಲಿನ ಮುಂದೆ ಕೂತು, ಡಬ್ಬಿಯಿಂದ ಶೇಂಗಾ ಉಂಡಿ ಮುರಿದು ಒಂದೊಂದೇ ಪಂಜರಕ್ಕೆ ಹಾಕುತ್ತಿದ್ದರು.

“ಕಾಕಾ! ಏನ್ ಮಾಡಾಕತ್ತೀರಿ?”

“ಬಸುರಿ ಅದಾವಲ್ರೀ ಮೇಡಂ. ಆ ಸಾಲಿನವು ಚಲೋ ಉಣ್ಣೂದನ್ನ ಇವು ನೋಡ್ಕೋತ ಕುಂದರತಾವು. ನನ್ನ ಮಗಳೂ ಹಡಿಯಾಕ ಮನಿಗೆ ಬಂದಾಳ. ಆಕಿಗೆ ಮಾಡಿದ ಉಂಡಿ, ಇವಕ್ಕೂ ಒಂಚೂರು ತಂದೀನಿ.”

ಶೇಂಗಾ ಎಂದರೆ ಪ್ರೋಟೀನಿನ ಗಣಿ; ನಾನು ಕಡಿಮೆ ಮಾಡಿದ್ದನ್ನೆಲ್ಲ ಕಾಕಾ ತುಂಬಿಕೊಡುತ್ತಿದ್ದರು. ಮನುಷ್ಯ ತಪ್ಪು ಮಾಡಿದ್ದು ಕರುಣೆಯಿಂದ, ಮುಳುಗಿದ್ದು ಮಾತ್ರ ನಾನು.

ಸಮಿತಿಯ ಎದುರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅಧ್ಯಕ್ಷೆ ನಗುವುದೇ ಗೊತ್ತಿಲ್ಲದಂಥ ಹಿರಿಯ ವೈದ್ಯೆ. ಕಾಕಾನನ್ನು ಕರೆಸಿ ಯಾವಾಗಿನಿಂದ, ಎಷ್ಟು ಎಂದು ವಿಚಾರಿಸಿದರು. ಹೊಟ್ಟೆ ಕಂಡ ದಿನದಿಂದ ಹೆರಿಗೆಯವರೆಗೆ, ದಿನಕ್ಕೆ ಒಂದು ಕಡಲೆಕಾಳಿನಷ್ಟು, ಭಾನುವಾರವೂ ತಪ್ಪಿಸಿಲ್ಲ ಎಂದರು ಕಾಕಾ, ಕೈಕಟ್ಟಿಕೊಂಡು.

ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಇಷ್ಟು ಶಿಸ್ತಿನ ಪ್ರಯೋಗ ನಿಮ್ಮಲ್ಲಿ ಬೇರೆ ಯಾರೂ ಮಾಡಿಲ್ಲ. ಇದನ್ನೇ ನೆಟ್ಟಗೆ ಮಾಡಿ. ಕಡಿಮೆ ಆಹಾರದ ಬಸುರಿಯರಲ್ಲಿ ಅರ್ಧಕ್ಕೆ ಉಂಡೆ, ಅರ್ಧಕ್ಕೆ ಇಲ್ಲ. ಎರಡು ವರ್ಷ ಕೊಟ್ಟಿದ್ದೇನೆ.”

ನಾನು ಕುಣಿಯುತ್ತಾ ಕಾಕಾನಿಗೆ ಹೊಸ ನಿಯಮ ವಿವರಿಸಿದೆ: ಉಂಡೆ ತಿನ್ನುವ ಇಲಿಗಳು ಒಂದು ಕೋಣೆಯಲ್ಲಿ, ಉಂಡೆ ಇಲ್ಲದವು ಇನ್ನೊಂದು ಕೋಣೆಯಲ್ಲಿ. ಅವರು ಉಂಡಿಯ ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು.

“ಉಂಡಿ ಇಲ್ಲದ ಕ್ವಾಣಿಗೆ ಬೀಗ ಹಾಕ್ರಿ. ಚಾವಿ ನಿಮ್ಮ ಕಡೇನ ಇರಲಿ. ನನ್ನ ಕೈ ನನ್ನ ಮಾತು ಕೇಳಂಗಿಲ್ಲ.”

ಚಾವಿ ಇಸಿದುಕೊಂಡೆ. ದಿನಾ ನಾನೇ ಹೋಗಿ ಆ ಕೋಣೆಯ ಇಲಿಗಳಿಗೆ ಅಳೆದ ಆಹಾರ ಹಾಕತೊಡಗಿದೆ. ಅವು ಪಂಜರದ ಸರಳು ಹಿಡಿದು ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದವು.

ನಾಲ್ಕನೆಯ ದಿನ ಹೋಗಿ ಚಾವಿಯನ್ನು ನಮ್ಮ ನಿರ್ದೇಶಕರ ಕೈಗಿಟ್ಟು ಬಂದೆ. ಆ ಹೊತ್ತಿಗಾಗಲೇ ನನ್ನ ಕೈಚೀಲದಲ್ಲೂ ಒಂದು ಡಬ್ಬಿ ಬಂದು ಕೂತಿತ್ತು.